ವಾಸ್ತುಶಿಲ್ಪಿಯ ಮರಳುಗಾಡಿನ ಮನೆ

೧೯೮೨ರ ಜನವರಿ ೧೬, ಶನಿವಾರ. ಬೆಳಿಗ್ಗೆಯಿಂದಲೇ ಸುಡುಬಿಸಿಲು. ಪುಸ್ತಕಗಳಲ್ಲಿ ಮಾತ್ರ ನೋಡಿದ್ದ ಆ ಹೆಸರಾಂತ ವಾಸ್ತುಶಿಲ್ಪಿಯ ಮನೆಯನ್ನು ಒಮ್ಮೆ ಕಾಣಲೇಬೇಕೆಂದು ಅಡಿಲೇಡ್‌ನಿಂದ ಎರಡು ದಿನ ಕಾರು ಓಡಿಸಿದ್ದೆ. ಅವರು ತೀರಿಕೊಂಡಿದ್ದರು. ಬಾಗಿಲು ತೆರೆದ ಅವರ ಹೆಂಡತಿ, "ಈಗ ಯಾರನ್ನೂ ಒಳಗೆ ಬಿಡುವುದಿಲ್ಲ" ಎಂದರು. ಅಷ್ಟರಲ್ಲಿ ಜೊತೆಗೆ ಬಂದಿದ್ದ ನನ್ನವಳು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟಾಗಿತ್ತು. ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತ ನಿಂತಿದ್ದಳು. ಆ ಪಾದಗಳನ್ನು ನೋಡಿ ಮುದುಕಿ ಪಕ್ಕಕ್ಕೆ ಸರಿದರು.

ಒಳಗೆ ತಂಪು. ಮಣ್ಣಿನ ಗೋಡೆಯಲ್ಲಿ ನೆಲಕ್ಕಂಟಿದಂತೆ ಒಂದೇ ಉದ್ದನೆಯ ಕಿಟಕಿ. ನಿಂತರೆ ಏನೂ ಕಾಣದು. ನೆಲದ ಮೇಲೆ ಕೂತರೆ ಇಡೀ ಮರಳುಗಾಡು ಮಡಿಲಿಗೇ ಬರುತ್ತಿತ್ತು. ಕೂತೆವು. ಮುದುಕಿಯೂ ಬಂದು ಪಕ್ಕದಲ್ಲಿ ಕೂತರು.

ಆಮೇಲೊಮ್ಮೆ ಪರ್ತ್‌ನಲ್ಲಿ ಇದನ್ನು ಹೇಳುತ್ತಿದ್ದಾಗ ಗೆಳೆಯ ಇಕ್ಬಾಲ್ ಕೇಳಿದ: "ಅದೆಲ್ಲ ಸರಿ ಕಣೋ, ಟಿಕೆಟ್ಟಿಗೆ ಎಷ್ಟು ಕಿತ್ತರು?"

"ದುಡ್ಡು ಮುಟ್ಟಲಿಲ್ಲ. ಒಳಗೆ ಬಂದವರು ತಾವು ತಂದ ಮರಳನ್ನು ತಾವೇ ಗುಡಿಸಿ ಹೋಗಬೇಕು, ಅದು ಯಜಮಾನರ ಕಾಲದ ಪದ್ಧತಿ ಅಂದರು."

"ಗುಡಿಸಿದೆಯಾ?"

ಉತ್ತರ ಕೊಟ್ಟವಳು ನನ್ನವಳು. "ಮೂರೂ ಕೋಣೆ, ಇಕ್ಬಾಲ್ ಅವರೇ. ಮದುವೆಯಾದ ಮೇಲೆ ಇವರು ಪೊರಕೆ ಹಿಡಿದಿದ್ದು ಅದೇ ಮೊದಲು."