ಕಾಕಾನ ಸದಸ್ಯತ್ವ

ನಾರಾಯಣಖೇಡದ ಹೊಸ ಹಾಸ್ಟೆಲ್ ಕಟ್ಟಡವೊಂದರ ನೆಲಹಾಸಿನ ಕೆಲಸ ನಮ್ಮ ಸಂಘಕ್ಕೆ ಸಿಕ್ಕಾಗ, ಮುಕಾದಮಳಾಗುವ ಸರದಿ ಮೊದಲ ಸಲ ನನಗೆ ಬಂದಿತ್ತು. ತಾಂಡೂರಿನ ಫರ್ಸಿ ಕಲ್ಲು ಹಾಸುವ ಆರು ಜನರ ಸಂಘ ನಮ್ಮದು. ಐವರು ಗಂಡಸರು, ನಾನೊಬ್ಬಳು. ಮುಕಾದಮಳೆಂದರೆ ಒಡತಿಯೇನಲ್ಲ. ಯಾರು ಕಲ್ಲು ಕೊಯ್ಯಬೇಕು, ಯಾರು ಸಿಮೆಂಟು ಮರಳಿನ ಮಾಲು ಕಲಸಬೇಕು, ಯಾರು ಕಲ್ಲು ಕೂಡಿಸಬೇಕು, ಯಾರು ಪಾಲಿಶ್ ಮಷೀನು ಹಿಡಿಯಬೇಕು ಎಂದು ಎಲ್ಲರೂ ಕೂತು ಹಂಚಿಕೊಂಡದ್ದನ್ನು ಕೆಲಸ ಮುಗಿಯುವ ತನಕ ನಡೆಸಿಕೊಂಡು ಹೋಗಬೇಕು, ಅಷ್ಟೇ. ಆದರೂ ಹೋಗುವ ದಾರಿಯಲ್ಲಿ ಬಸ್ಸಿನಲ್ಲೇ ಯಾರಿಗೆ ಯಾವ ಪಾಳಿ ಎಂದು ಮತ್ತೆ ಮತ್ತೆ ಬೆರಳು ಮಡಚಿ ಎಣಿಸುತ್ತಿದ್ದೆ.

ಎರಡನೆಯ ಕೋಣೆ ಶುರುವಾದ ಬೆಳಿಗ್ಗೆ ಕಾಕಾ ಕೂತಲ್ಲಿಂದ ಏಳಲಿಲ್ಲ.

ಅವರು ಬಶೀರಾಬಾದಿನವರು. ನಮ್ಮ ಯಾರಿಗೂ ಸಂಬಂಧಿಯಲ್ಲ, ಎಲ್ಲರಿಗೂ ಕಾಕಾ. ನಮ್ಮಲ್ಲಿ ಹೆಚ್ಚಿನವರಿಗೆ ಕೆಲಸ ಕಲಿಸಿದವರು ಅವರೇ. ಕುಕ್ಕರುಗಾಲಲ್ಲಿ ಕೂತು ಒಂದು ಕಲ್ಲು ಕೂಡಿಸಿದರು, ಕೈಯೂರಿ ಏಳಲು ನೋಡಿದರು, ಹಾಗೇ ಪಕ್ಕಕ್ಕೆ ವಾಲಿ ಗೋಡೆ ಹಿಡಿದುಕೊಂಡರು. ನಾನು ಓಡಿದೆ.

"ಯಾರ ಮುಂದೂ ಅನಬ್ಯಾಡ ತಂಗಿ," ಎಂದರು ಹಲ್ಲು ಕಚ್ಚಿ. "ಮೊಣಕಾಲ ಹಿಡಕೊಂಡದ. ಝಹೀರಾಬಾದಿಗೆ ಹೋಗಿ ತೋರಿಸ್ತೀನಿ. ಅಲ್ಲಿ ತನಕ ತಡಿ."

ತಡೆಯುವುದು ಸುಲಭವಿರಲಿಲ್ಲ. ನಾವೆಲ್ಲ ಹಿಂದೆ ಒಬ್ಬ ಗುತ್ತೇದಾರನ ಕೈಕೆಳಗೆ ದುಡಿದವರು. ಅವನು ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಅವನನ್ನು ಬಿಟ್ಟು ಬಂದು, ತಾಂಡೂರಿನ ಚಹಾದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಸಂಘ ಕಟ್ಟಿದ ದಿನ, "ಸೈಟಿನ್ಯಾಗ ಕೈಲೆ ಕೆಲಸ ಮಾಡವರೇ ಮೆಂಬರ್. ಕುರ್ಚಿ ಮ್ಯಾಲ ಕೂಡವರು ನಮಗ ಬ್ಯಾಡ" ಎಂಬ ನಿಯಮ ಹಾಕಿಸಿದ್ದು ಕಾಕಾನೇ. ಕಲ್ಲು ಕೊಯ್ಯುವ ಪಾಳಿ ಯಾರೂ ತಪ್ಪಿಸಬಾರದು, ಆ ದೂಳು ಒಬ್ಬರ ಎದೆಗೇ ಹೋಗಬಾರದು ಎಂದವರೂ ಅವರೇ.

ನಾನು ಆಗ ಮಾಲು ಹೊರುವ ಕೂಲಿಯವಳು. ಮುಂದೆ ಸದಸ್ಯತ್ವ ಕೇಳಿದಾಗ, ಐವರೂ ನನ್ನನ್ನು ಎದುರಿಗೇ ಕೂಡಿಸಿಕೊಂಡು ಒಬ್ಬೊಬ್ಬರಾಗಿ ಮಾತಾಡಿದ್ದರು. ಹಿಂದಿನಿಂದ ಯಾರೂ ಯಾರ ಬಗ್ಗೆಯೂ ಆಡಬಾರದು ಎಂಬುದು ನಮ್ಮ ಪದ್ಧತಿ. ಹೆಂಗಸು ಪರ ಊರಿನ ಕೆಲಸಕ್ಕೆ ಬರುತ್ತಾಳೆಯೇ ಎಂದು ಒಬ್ಬರು, ಮಾಲು ಹೊರುವುದೇನು ಕಸಬೇ ಎಂದು ಇನ್ನೊಬ್ಬರು. ನಾನು ಸೆರಗಿನ ತುದಿ ಹಿಂಡುತ್ತ ಕೂತಿದ್ದೆ. ಕೊನೆಗೆ ಕಾಕಾ, "ಮಾಲು ಬರಲಿಲ್ಲಂದ್ರ ನಾವು ಕಲ್ಲು ಎದರ ಮ್ಯಾಲ ಕೂಡಸ್ತೀವ್ರಿ?" ಎಂದಿದ್ದರು. ಹಾಗೆ ನಾನು ಒಳಗೆ ಬಂದವಳು. ಈಗ ಕೈಲೆ ಕೆಲಸ ಮಾಡುವವರೇ ಮೆಂಬರ್ ಎಂಬ ಅವರದೇ ನಿಯಮ ಹಿಡಿದು ಅವರನ್ನು ಹೊರಗೆ ಹಾಕುವ ಮಾತು ನನ್ನ ಬಾಯಿಂದಲೇ ಬರಬೇಕೇನೋ.

ಸಂಘದಲ್ಲಿ ನಮ್ಮೆಲ್ಲರಿಗಿಂತ ಚಿಕ್ಕವನು ಯಾಲಾಲದ ಕಡೆಯವನೊಬ್ಬ, ಮದುವೆಯಾಗಿ ಒಂದು ಮಗುವಿನ ತಂದೆ. ಕುಕ್ಕರುಗಾಲಲ್ಲಿ ಕೂತು ಮಷೀನಿನಿಂದ ಕಲ್ಲು ಕೊಯ್ಯುವ ಕಾಕಾನ ಪಾಳಿ ಬಂದಾಗ ನಾನು ಏನೂ ಹೇಳುವ ಮೊದಲೇ ಅವನು ಮಷೀನು ಹಿಡಿದಿದ್ದ. ಮರುದಿನವೂ ಅವನೇ ಹಿಡಿದ. ಮುಖಕ್ಕೆ ಕಟ್ಟಿದ ಟವೆಲ್ಲು ಬಿಚ್ಚಿ ಕೆಮ್ಮುತ್ತ ನನ್ನ ಹತ್ತಿರ ಬಂದ.

"ಅಕ್ಕಾ, ಈ ಪಾಳಿ ಯಾರದು?"

"ನಿಂದಲ್ಲಪ್ಪ."

"ಗೊತ್ತದ. ಕಾಕಾಗ ಏನಾಗ್ಯದ ಅಂತ ಕೇಳಂಗಿಲ್ಲ ನಾ. ಆದ್ರ ಹಿಂಗ ಎಷ್ಟು ದಿನ?"

ನಾನು ನೀರಿನ ಚೊಂಬು ಅವನ ಕೈಗೆ ಕೊಟ್ಟೆ.

ರಜೆಯ ದಿನ ನಾನೂ ಕಾಕಾನ ಜೊತೆ ಝಹೀರಾಬಾದಿಗೆ ಹೋದೆ. ಡಾಕ್ಟರು ಮೊಣಕಾಲಿನ ಎಕ್ಸ್‌ರೇ ತೆಗೆಸಿ ನೋಡಿ, ಇನ್ನು ಕುಕ್ಕರುಗಾಲಲ್ಲಿ ಕೂರುವ ಕೆಲಸ ಪೂರ್ತಿ ಬಿಡಬೇಕು ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಾಕಾ ಕಿಟಕಿಯಾಚೆ ನೋಡುತ್ತ ಕೂತಿದ್ದರು. ನಾರಾಯಣಖೇಡ ಹತ್ತಿರ ಬಂದಾಗ, "ನೀನೇ ಹೇಳು. ನನ್ನ ಬಾಯಿಲೆ ಬರಂಗಿಲ್ಲ," ಎಂದರು.

ಮರುದಿನ ಊಟದ ಹೊತ್ತಿಗೆ, ಅರ್ಧ ಕಲ್ಲು ಹಾಸಿದ ಕೋಣೆಯಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಾಗ ಡಾಕ್ಟರು ಅಂದದ್ದನ್ನು ನಾನು ಎಲ್ಲರಿಗೂ ಹೇಳಿದೆ.

ಕಾಕಾ ತಾವೇ ಬಾಯಿ ತೆರೆದರು. "ಕಾಯ್ದೆ ನಂದೇ. ನನ್ನ ಹೆಸರು ತೆಗೀರಿ."

"ತೆಗ್ಯಾದು ಬ್ಯಾಡ ಬಿಡ್ರಿ ಕಾಕಾ," ಎಂದರು ಇಬ್ಬರು ಒಟ್ಟಿಗೆ.

ಯಾಲಾಲದವನು ಸುಮ್ಮನಿರಲಿಲ್ಲ. "ತೆಗೀರಿ ಅಂತ ನಾನೂ ಅನಂಗಿಲ್ಲ. ಆದ್ರ ಅವರ ಪಾಳಿ ದೂಳು ಯಾರು ಕುಡೀಬೇಕು? ಇಷ್ಟು ದಿನ ನಾ ಕುಡಿದೀನಿ. ನನ್ನ ಎದಿ ಏನು ಕಲ್ಲಿಂದೇನ್ರಿ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನ್ನ ಸಂಕಟ. ಎಲ್ಲರೂ ಮುಕಾದಮಳ ಮುಖ ನೋಡುತ್ತಿದ್ದರು. ಆಗ ನನಗೆ ಹೊಳೆದದ್ದು ಒಂದೇ. ಪ್ರತಿ ಕೆಲಸಕ್ಕೂ ಮೊದಲು ಕಲ್ಲಿನಂಗಡಿಗೆ ಹೋಗಿ, ಒಂದೊಂದು ಫರ್ಸಿಯನ್ನೂ ಬೆರಳ ಗಂಟಿನಿಂದ ಬಡಿದು, ದನಿ ಕೇಳಿ, ಒಳಬಿರುಕು ಇದ್ದದ್ದನ್ನು ಬೇರೆ ಮಾಡಿ ತರುತ್ತಿದ್ದವರು ಕಾಕಾ. ನಿಂತೇ ಮಾಡುವ ಕೆಲಸ. ಸೈಟಿನ ಹೊರಗೆ ನಡೆಯುತ್ತಿತ್ತೆಂದು ನಾವು ಯಾವತ್ತೂ ಅದನ್ನು ಪಾಳಿಯ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

"ಕಾಕಾ ಅಂಗಡ್ಯಾಗ ಕಲ್ಲು ಆರಿಸಾದನ್ನೂ ಪಾಳಿ ಒಳಗ ಹಿಡಿಯೋಣ," ಎಂದೆ. "ಅವರ ಬದ್ಲಿ ಕೊಯ್ಯಾಕ ಒಂದು ಪಾಳಿ ಹೆಚ್ಚಿಗಿ ಕೂತವರಿಗೆ ಮಾಲಿನ ಪಾಳಿ ಬಿಡೋಣ. ಕೊಯ್ಯುವಾಗ ಒಬ್ಬರು ನೀರು ಬಿಡ್ತಾ ನಿಲ್ಲಲಿ, ದೂಳು ಏಳಂಗಿಲ್ಲ."

ಯಾಲಾಲದವನು ರೊಟ್ಟಿ ಮುರಿದ. "ಆತು. ಆದ್ರ ಕಲ್ಲು ಆರಿಸಾದು ಕಾಕಾ ಒಬ್ರ ಕೈಯಾಗ ಯಾಕ ಇರಬೇಕು? ಎಲ್ಲರಿಗೂ ಕಲಿಸಲಿ."

ಕಾಕಾನ ಮುಖ ಬಿಗಿಯಾಯಿತು. ಅದೊಂದು ವಿದ್ಯೆಯನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾವು ಕೈ ಎತ್ತಿದೆವು. ಕೆಲಸಕ್ಕೆ ಬೇಕೆಂದು ಎಲ್ಲರೂ ಒಪ್ಪಿದ ಒಂದು ಹೊಣೆ ಹೊತ್ತು, ಅದನ್ನು ಉಳಿದವರಿಗೂ ಕಲಿಸುವವರು ಸದಸ್ಯರು ಎಂದು ನಿಯಮ ಬದಲಾಯಿತು. ಎತ್ತದೆ ಉಳಿದದ್ದು ಕಾಕಾನ ಕೈ ಒಂದೇ. ಅವರು ರೊಟ್ಟಿ ಕಟ್ಟಿಕೊಂಡು ಎದ್ದರು. ಸಂಜೆಯ ಬಸ್ಸಿಗೆ ಊರಿಗೆ ಹೋಗಿಬಿಟ್ಟರು.

ಉಳಿದ ಕೋಣೆಗಳನ್ನು ಅವರಿಲ್ಲದೆ ಮುಗಿಸಿದೆವು. ಫೋನು ಮಾಡಿದರೆ ಅವರ ಹೆಂಡತಿ ಎತ್ತಿ, "ಹೊಲದ ಕಡಿ ಹೋಗ್ಯಾರವ್ವ" ಎನ್ನುತ್ತಿದ್ದರು. ಅವರನ್ನು ಉಳಿಸಲು ಹೋಗಿ ನಾನೇ ಕಳೆದುಕೊಂಡೆನೇ ಎಂಬ ಅಂಜಿಕೆ ಪಾಲಿಶ್ ಮಷೀನಿನ ಸದ್ದಿನಲ್ಲೂ ಬಿಡಲಿಲ್ಲ.

ಮುಂದಿನ ಕೆಲಸ ಧಾರೂರಿನಲ್ಲಿ. ಕಲ್ಲು ಆರಿಸಲು ತಾಂಡೂರಿನ ಅಂಗಡಿಗೆ ನಾವು ಐವರೂ ಹೋದೆವು. ಬರ್ರಿ ಎಂದು ಕಾಕಾನಿಗೆ ಹೇಳಿ ಕಳಿಸಿದ್ದೆ. ಬಿಸಿಲೇರಿತು. ಯಾಲಾಲದವನು ತಾನೇ ಕಲ್ಲು ಬಡಿದು ನೋಡುತ್ತ, ಎರಡನ್ನು ಪಕ್ಕಕ್ಕೆ ಇಟ್ಟು, ಅನುಮಾನದಿಂದ ಮತ್ತೆ ಬಡಿಯುತ್ತಿದ್ದ.

ಆಗ ಅಳಿಯನ ಮೋಟರ್‌ಸೈಕಲ್ ಹಿಂದೆ ಕೂತು ಕಾಕಾ ಬಂದರು. ಕುಂಟುತ್ತ ನೇರ ಹೋಗಿ ಅವನ ಪಕ್ಕಕ್ಕೆ ನಿಂತರು.

"ಹಂಗ ಬಡೀಬ್ಯಾಡೋ. ಕಲ್ಲು ನೆಲಕ್ಕ ಒರಗಿದ್ರ ದನಿ ಸಾಯ್ತದ. ಎತ್ತಿ ಹಿಡಿ."

ಅವನು ಎತ್ತಿ ಹಿಡಿದ. ಕಾಕಾ ಬಡಿದರು. ಅವನಿಗೂ ಬಡಿಯಲು ಹೇಳಿದರು. ನನ್ನತ್ತ ತಿರುಗಿ, ಇನ್ನೂ ಮುಖ ಗಂಟಿಕ್ಕಿಕೊಂಡೇ, "ನೀ ಯಾಕ ದೂರ ನಿಂತಿ? ಬಾ ಇಲ್ಲಿ," ಎಂದರು.