ಇಟಲಿ ಕಾರಿನ ಬ್ಲಾಕು ಮಾಡಿದ ಮೇಸ್ತ್ರಿ

ಮೇಸ್ತ್ರಿಯವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಎಲೆಗಳ ಹಾಗೆ ಬೆಳೆದಿತ್ತು. ಎಂದೋ ಉಳಿ ಜಾರಿ ಬಿದ್ದ ಪೆಟ್ಟು. ಕೆತ್ತಿದ ಮರದ ಮೇಲೆ ಅದೇ ಬೆರಳು ಆಡಿಸಿ, "ಇಲ್ಲಿ ಕೂದಲೆಳೆಯಷ್ಟು ಉಬ್ಬೈತೆ" ಎನ್ನುತ್ತಿದ್ದರು. ಉಪಕರಣ ಹಿಡಿದು ಅಳೆದರೆ ಉಬ್ಬಿರುತ್ತಿತ್ತು.

ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವರ ಶೆಡ್ಡು. ಕಬ್ಬಿಣದ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚೊತ್ತಲು ಮರದ ಮಾದರಿಯೊಂದು ಬೇಕು. ಅದನ್ನು ಪ್ಯಾಟರ್ನ್ ಎನ್ನುತ್ತಾರೆ. ನಲವತ್ತು ವರ್ಷ ಅವರು ಮಾಡಿದ್ದು ಅದೊಂದೇ ಕೆಲಸ. ಹರಿಹರದ ಫೌಂಡ್ರಿಗಳಿಗೆಲ್ಲ ಅವರೇ ಬೇಕಾಗಿತ್ತು. ಎರಡೂ ಕಿವಿಯ ಮೇಲೆ ಒಂದೊಂದು ಪೆನ್ಸಿಲ್. ಸಂಜೆ ಕಾಗದದಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ಬಂದರೆ ಓಣಿಯಲ್ಲಿ ಸಿಕ್ಕವರಿಗೆಲ್ಲ ಹಂಚಿ, ಮನೆ ಮುಟ್ಟುವಾಗ ಕಾಗದ ಮಾತ್ರ ಉಳಿದಿರುತ್ತಿತ್ತು. ನಾನು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಬರೆಯುವ ಕೆಲಸಕ್ಕೆ ಸೇರಿದಾಗ, "ಡಿಪ್ಲೊಮಾ ಓದೀಯ, ಸರಿ. ಕಬ್ಬಿಣ ತಣ್ಣಗಾದ್ರೆ ಕುಗ್ಗುತೈತೆ ಅನ್ನೋದು ಮರೀಬ್ಯಾಡ" ಎಂದಿದ್ದರು. ಪ್ಯಾಟರ್ನು ಯಾವಾಗಲೂ ಬೇಕಾದ ಅಳತೆಗಿಂತ ತುಸು ದೊಡ್ಡದಿರಬೇಕು ಎಂದು ಕಲಿಸಿದವರು ಅವರೇ.

ಹರಿಹರದ ಒಬ್ಬ ಸಾಹುಕಾರರ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಆ ಇಟಲಿ ಕಾರು ಇತ್ತು. ಅವರ ಅಜ್ಜ ಯಾವುದೋ ಸಂಸ್ಥಾನದವರಿಂದ ಕೊಂಡದ್ದು. ಮೈಯ ಅರ್ಧಭಾಗ ಬಾನೆಟ್ಟೇ. ಮೇಲೆ ಚಾವಣಿ ಇಲ್ಲ, ತಂತಿಕಡ್ಡಿಯ ಚಕ್ರಗಳು, ಇಲಿ ಕಡಿದ ಚರ್ಮದ ಸೀಟು. ಸಾಹುಕಾರರು ಹುಡುಗರಾಗಿದ್ದಾಗ ನಂದಿಗುಡಿಯ ದಾರಿಯಲ್ಲಿ ಎಂಜಿನ್ ಕಾದು ಹಬೆ ಹಾರಿತಂತೆ. ಡ್ರೈವರ್ ಗಾಬರಿಯಲ್ಲಿ ತಣ್ಣೀರು ಸುರಿದ. ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕು ಬಿರುಕು ಬಿಟ್ಟಿತು. ಅಂದು ನಿಂತದ್ದು ಮತ್ತೆ ಹೊರಟಿರಲಿಲ್ಲ.

"ಒಂದ್ಸಲ ಹೊಳೆ ಸೇತುವೆ ತನಕ ಹೋಗಿ ಬರ್ಬೇಕ್ರಿ ಮೇಸ್ತ್ರಿ. ನಂಗೆ ಎಂಬತ್ಮೂರು ಆತು. ಮತ್ತೇನೂ ಆಸೆ ಇಲ್ಲ" ಎಂದರು ಸಾಹುಕಾರರು.

ಮೇಸ್ತ್ರಿ ಜೊತೆಗೆ ಕರೆತಂದಿದ್ದ ನನ್ನಿಂದ ಬಾನೆಟ್ಟು ಎತ್ತಿಸಿದರು. ಬ್ಲಾಕಿನ ಒಂದು ಮೂಲೆಯನ್ನು ಬಹಳ ಹೊತ್ತು ಸವರಿದರು. "ನೋಡವ್ವಾ, ಇದರ ಪ್ಯಾಟರ್ನ್ ಮಾಡಿದೋನು ಇಲ್ಲಿ ಎರಡು ಸಲ ಉಳಿ ಹಾಕ್ಯಾನೆ. ಒಂದ್ಸಲಕ್ಕೆ ಸಮಾಧಾನ ಆಗಿಲ್ಲ ಅವನಿಗೆ." ಇಟಲಿಯ ಆ ಮನುಷ್ಯ ಪಕ್ಕದ ಓಣಿಯವನೇನೋ ಎನ್ನುವಂತೆ ನಕ್ಕರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ.

ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಸಣ್ಣ ಗೆರೆಗಳು ಕಾಣುತ್ತಿರಲಿಲ್ಲ. ಹಾಗಾಗಿ ಅಳತೆ ತೆಗೆದು ಡ್ರಾಯಿಂಗ್ ಬರೆಯುವ ಕೆಲಸ ನನಗೆ ಒಪ್ಪಿಸಿದರು. ತಗಡಿನ ಗೋದಾಮು, ಬೇಸಿಗೆ. ಆನಗೋಡಿನಲ್ಲಿ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆ ಹೋಗುವ ಅವಸರ ಬೇರೆ. ಒಂದನೇ ಸಿಲಿಂಡರಿಗೂ ಎರಡನೆಯದಕ್ಕೂ ನಡುವಿನ ಅಂತರ ಅಳೆದೆ. ಉಳಿದವೂ ಅಷ್ಟೇ ಇರುತ್ತವೆಂದು ಅದನ್ನೇ ಬರೆದು ಬಸ್ಸು ಹತ್ತಿದೆ. ನಡುವಿನ ಎರಡು ಸಿಲಿಂಡರುಗಳ ಅಂತರ ಆರು ಮಿಲಿಮೀಟರ್ ಹೆಚ್ಚಿತ್ತು.

ಮೇಸ್ತ್ರಿ ಐದು ತಿಂಗಳು ಕೂತು ಹಳೇ ಸಾಗುವಾನಿಯಲ್ಲಿ ಪ್ಯಾಟರ್ನ್ ಮಾಡಿದರು. ಎರಕವಾಯಿತು. ಬ್ಲಾಕು ನಮ್ಮ ವರ್ಕ್‌ಶಾಪಿಗೇ ಬಂತು. ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಹಳೆಯ ಹೆಡ್ಡನ್ನು ಅದರ ಮೇಲಿಟ್ಟು ನೋಡಿದರೆ ಒಂದಕ್ಕೊಂದು ಕೂಡಲಿಲ್ಲ. ಸಾಹುಕಾರರು ಕುರ್ಚಿಯಲ್ಲಿ ಕೂತಿದ್ದರು. ಫೌಂಡ್ರಿಯವರಿದ್ದರು. ನಮ್ಮ ಮಾಲೀಕರೂ ಇದ್ದರು.

ಮೇಸ್ತ್ರಿ ಡ್ರಾಯಿಂಗ್ ತರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

"ತಪ್ಪು ನಂದ್ರಿ ಸಾಹುಕಾರ್ರೆ. ಕಣ್ಣು ಮೋಸ ಮಾಡಿದ್ವು."

"ನಿಮಗೂ ವಯಸ್ಸಾತು ಬಿಡ್ರಿ," ಎಂದರು ಸಾಹುಕಾರರು. ಬೈಯಲಿಲ್ಲ. ಬೈದಿದ್ದರೆ ನನಗೆ ಬಾಯಿ ಬರುತ್ತಿತ್ತೋ ಏನೋ. ಆ ತಿಂಗಳು ನನ್ನ ಕೆಲಸ ಖಾಯಂ ಆಗಬೇಕಿತ್ತು. ಸುಮ್ಮನೆ ನಿಂತೆ.

ಆ ಮಾತು ಊರಲ್ಲಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಮೇಸ್ತ್ರಿಗೆ ಕಣ್ಣು ಹೋಗಿದೆ ಎಂದು ಒಬ್ಬೊಬ್ಬರೇ ಕೆಲಸ ಕೊಡುವುದನ್ನು ಬಿಟ್ಟರು. ಅವರ ಬಳಿ ಉಳಿದದ್ದು ಆ ಕಾರಿನ ಬ್ಲಾಕನ್ನು ಮತ್ತೆ ಮಾಡುವ ಕೆಲಸವೊಂದೇ. ಈ ಸಲ ನನ್ನನ್ನು ಕರೆಯಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ, ತಾವು ಕೈಯಲ್ಲಿ ತಡವಿ, ಅವರಿಂದ ಸ್ಕೇಲು ಓದಿಸಿಕೊಂಡು ಬಂದರು. ಎಂಟು ತಿಂಗಳು ಹಿಡಿಯಿತು. ಏಳನೇ ತಿಂಗಳಲ್ಲಿ ಸಾಹುಕಾರರು ತೀರಿಕೊಂಡರು.

ಎರಡನೇ ಬ್ಲಾಕಿನಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ಅಷ್ಟರಲ್ಲಿ ಮೊಮ್ಮಕ್ಕಳು ಕಾರನ್ನು ದೂರದ ಊರಿನ ಒಬ್ಬರಿಗೆ ಮಾರಿದ್ದರು. ಲಾರಿ ಬರುವ ದಿನ ಮೇಸ್ತ್ರಿ ಬ್ಲಾಕನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಗಿರಣಿಗೆ ಹೊರಟರು. ಕರೆಯದಿದ್ದರೂ ನಾನು ಜೊತೆಗೆ ಹೋದೆ. ಕಾರು ಒಯ್ಯಲು ಬಂದವನು ಬ್ಲಾಕು ನೋಡಿದ.

"ಕೆಲಸ ಚೆನ್ನಾಗಿದೆ, ಯಜಮಾನ್ರೆ. ಆದ್ರೆ ಇದು ಒರಿಜಿನಲ್ ಅಲ್ವಲ್ಲ? ನಮ್ಮ ಸಾಹೇಬ್ರು ಆ ದೇಶದಿಂದಲೇ ತರಿಸ್ತಾರೆ."

ಕಾರನ್ನು ಹಗ್ಗ ಕಟ್ಟಿ ಲಾರಿಗೆ ಎಳೆದರು. ಮೇಸ್ತ್ರಿ ಗಿರಣಿಯ ಅಂಗಳದಲ್ಲಿ ಆ ಬ್ಲಾಕಿನ ಮೇಲೆಯೇ ಕೂತಿದ್ದರು. ಲಾರಿ ಹೋದ ಮೇಲೂ ಏಳಲಿಲ್ಲ. ನಾನು ಅವರೆದುರು ನೆಲದ ಮೇಲೆ ಕೂತು ಹೇಳಿದೆ: "ಮೇಸ್ತ್ರಿ, ಅವತ್ತು ಅಳತೆ ತಪ್ಪು ಬರೆದಿದ್ದು ನಾನು."

"ಗೊತ್ತೈತವ್ವಾ. ಡ್ರಾಯಿಂಗ್ ನೋಡಿದಾಗ್ಲೇ ಗೊತ್ತಾತು."

"ಮತ್ತೆ ಯಾಕ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ಅಷ್ಟು ಜನದ ಮುಂದೆ ನಿನ್ನ ಹೆಸರು ಹೆಂಗೆ ಹೇಳ್ಲಿ? ಹೊರಗೆ ಬಂದಮೇಲೆ ನೀನೇ ಹೇಳ್ತಿ ಅಂತ ಕಾದೆ. ಮಾರನೇ ದಿನಾನೂ ಕಾದೆ."

"ಈಗ ಎಲ್ಲರಿಗೂ ಹೇಳ್ತೀನಿ."

"ಬ್ಯಾಡ ಬಿಡು. ಕೇಳಬೇಕಾದೋರು ಹೋದ್ರು."

ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೂ ಓಣಿಯಲ್ಲಿ ಸಿಕ್ಕರೆ ಊಟ ಆಯ್ತೇ ಎಂದು ಕೇಳುತ್ತಿದ್ದರು. ಕೆಲಸದ ಮಾತು ಮಾತ್ರ ನನ್ನೊಡನೆ ಎಂದೂ ಆಡಲಿಲ್ಲ. ಫೌಂಡ್ರಿಗಳಿಗೆ ಹೋಗಿ ನಿಜ ಹೇಳಬೇಕೆಂದು ಪ್ರತಿ ವಾರ ಅಂದುಕೊಂಡೆ. ಅವರು ಬ್ಯಾಡ ಎಂದಿದ್ದಾರಲ್ಲ ಎಂಬ ನೆಪ ಪ್ರತಿ ವಾರವೂ ಸಿಗುತ್ತಿತ್ತು. ಶೆಡ್ಡಿನ ಬಾಗಿಲು ತೆರೆಯುವುದು ನಿಂತಿತು. ಎರಡು ವರ್ಷ ಜಗಲಿಯ ಮೇಲೆ ಕೈ ಕಟ್ಟಿಕೊಂಡು ಕೂತರು. ಹೋದ ವರ್ಷ ಒಂದು ಬೆಳಿಗ್ಗೆ, ಹೆಂಡತಿ ಚಹಾ ತರುವಷ್ಟರಲ್ಲಿ, ಅಲ್ಲಿಯೇ ಗೋಡೆಗೊರಗಿ ಹೋಗಿಬಿಟ್ಟಿದ್ದರು.

ಹರಿಹರದಿಂದ ಫೌಂಡ್ರಿಯವರೆಲ್ಲ ಬಂದಿದ್ದರು. ಮನೆಯ ಮುಂದೆ ನಿಂತು ಅವರಲ್ಲೊಬ್ಬರು, "ಎಂಥಾ ಕೈ ರೀ ಅದು! ಕೊನೆಗೆ ಕಣ್ಣು ಕೆಟ್ಟು ಆ ಕಾರಿನ ಕೆಲ್ಸ ಹಾಳಾತು, ಪಾಪ" ಎಂದರು.

"ಅದು ಅವರ ಕಣ್ಣಿನ ತಪ್ಪಲ್ಲ," ಎಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಳತೆ ತಪ್ಪು ಬರೆದವಳು ನಾನು. ಡ್ರಾಯಿಂಗ್ ನಂದು."

ಆ ಫೌಂಡ್ರಿಯವರು ನನ್ನನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ನಿಮ್ಮ ಮನಸ್ಸು ದೊಡ್ಡದ್ರಿ ಮೇಡಂ. ಹೋದೋರ ಮೇಲೆ ತಪ್ಪು ಉಳೀಬಾರ್ದು ಅಂತ ನಿಮ್ಮ ಮೇಲೆ ಹಾಕ್ಕೊಂತೀರಿ. ಯಾರು ಮಾಡ್ತಾರೆ ಈ ಕಾಲದಾಗೆ?"

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು.