ಭೀಮೇಶನ ದನಿ ಇದ್ದ ಡಿಸ್ಕು

ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದ ಭೀಮೇಶ ಕೂಗಿದರೆ ಸಿಗ್ನಲ್‌ನಲ್ಲಿ ನಿಂತ ಬಸ್ಸಿನೊಳಗೂ ಕೇಳುತ್ತಿತ್ತು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮೊದಲು ಅವನು ಮನೆಯ ಹಳೇ ಕಂಪ್ಯೂಟರಿನ ಮುಂದೆ ಕೂತು, ಇನ್ನೂ ಮಾತು ಬಾರದ ಮಗಳು ಸುಮೇಧಾಳಿಗಾಗಿ ಕತೆ, ಲಾಲಿ, ಗದರಿಕೆ ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟ. ಇನ್ನೊಂದು ಕಡೆ ನಕಲು ಇಡಬೇಕೆಂದು ಆಸ್ಪತ್ರೆಯ ಓಡಾಟದಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವನು ಮನೆಗೆ ಮರಳುವ ಹೊತ್ತಿಗೆ ಕಂಪ್ಯೂಟರ್ ಕೆಟ್ಟಿತ್ತು. ಕಪ್ಪು ಪರದೆ, ಒಳಗಿಂದ ಟಕ್ ಟಕ್ ಸದ್ದು. ಹೆಂಡತಿ ರೇಖಾ ಪಕ್ಕದ ಮನೆಯ ಸೋಮನಾಥನನ್ನು ಕರೆತಂದಳು. ರಿಪೇರಿ ಬಲ್ಲ ಅವನು, ಕಂಪ್ಯೂಟರನ್ನು ಹೊರಗಿನಿಂದಲೇ ನಡೆಸಬಲ್ಲ ಲಿನಕ್ಸ್ ತಂತ್ರಾಂಶವಿದ್ದ ಡಿವಿಡಿಯೊಂದನ್ನು ಹಾಕಿದ.

"ಒಳಗಿನ ಹಾರ್ಡ್ ಡಿಸ್ಕ್ ಸಾಯೋ ಹಂಗಿದೆ ಕಣಮ್ಮ. ಇನ್ನು ಕಂಪ್ಯೂಟರ್ ಈ ಡಿವಿಡಿಯಿಂದ್ಲೇ ಓಡುತ್ತೆ. ಪೆನ್ ಡ್ರೈವ್ ತರ್ತೀನಿ, ಅಲ್ಲಿವರ್ಗೂ ಏನೂ ಮುಟ್ಬೇಡ, ಕೆಲಸ ಕೊಟ್ಟಷ್ಟೂ ಡಿಸ್ಕ್ ಬೇಗ ಹೋಗುತ್ತೆ."

ಪರದೆ ಬೆಳಗಿತು, ಡಿಸ್ಕಿನ ಫೋಲ್ಡರ್ ಕಂಡಿತು. ಟಕ್ ಟಕ್ ಹೆಚ್ಚುತ್ತಲೇ ಇತ್ತು. ಪೆನ್ ಡ್ರೈವ್ ತರಲು ಹೋದ ಸೋಮನಾಥ ಬರುವಷ್ಟರಲ್ಲಿ ಎಲ್ಲ ಹೋಗಿಬಿಟ್ಟರೆ? ರೇಖಾ ತಡೆಯಲಾರದೆ ಫೈಲುಗಳನ್ನೆಲ್ಲ ಎಳೆದು ಡೆಸ್ಕ್‌ಟಾಪಿಗೆ ಹಾಕಿ ಒಂದನ್ನು ಒತ್ತಿದಳು.

"ಏಯ್ ಸುಮಿ, ಅಮ್ಮನ್ನ ಗೋಳು ಹುಯ್ಕೋಬೇಡ..."

ಭೀಮೇಶ ಗೋಡೆಗೆ ಒರಗಿ, ಕತ್ತಿನ ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ತನ್ನ ದನಿ ಕೇಳಿದ.

ಅಷ್ಟರಲ್ಲಿ ಕರೆಂಟು ಹೋಯಿತು.

ಮತ್ತೆ ಬಂದಾಗ ಡಿವಿಡಿ ಮೊದಲಿನಂತೆಯೇ ಓಡಿತು. ಡೆಸ್ಕ್‌ಟಾಪ್ ಮಾತ್ರ ಬೋಳು. "ಇಲ್ಲೇ ಇಟ್ಟಿದ್ದೆ ಅಣ್ಣ, ಕಣ್ಣಾರೆ ನೋಡ್ದೆ!" ಎಂದು ಅವಳು, ಪೆನ್ ಡ್ರೈವ್ ಹಿಡಿದು ಬಂದ ಸೋಮನಾಥನ ಮುಂದೆ ಬಡಬಡಿಸಿದಳು.

"ಡಿವಿಡಿ ಮೇಲೆ ಏನೂ ಬರೆಯಕ್ಕಾಗಲ್ಲ ರೇಖಾ. ನೀನಿಟ್ಟಿದ್ದೆಲ್ಲ ಬರೀ ಮೆಮೊರಿಲಿತ್ತು. ಕರೆಂಟ್ ಜೊತೆಗೇ ಹೋಯ್ತು."

"ಡಿಸ್ಕಲ್ಲಿ ಇನ್ನೂ ಇದೆ ತಾನೆ? ಅಣ್ಣ, ಹೇಳಿ, ಇದೆ ತಾನೆ?"

ಡಿಸ್ಕು ಕಾಣಿಸಲಿಲ್ಲ. ಆರಿಸಿ, ತಣಿಯಲು ಬಿಟ್ಟು, ಮತ್ತೆ ಮತ್ತೆ ಹಚ್ಚಿದರು. ಪ್ರತಿ ಸಲವೂ ಅದೇ ಬೆಳಗುವ ಪರದೆ, ಅದೇ ಖಾಲಿ. ರೇಖಾ ಹಣೆ ಹಣೆ ಬಡಿದುಕೊಂಡಳು. ಸಂಜೆಗೆ ಡಿಸ್ಕು ಒಮ್ಮೆ ಉಸಿರಾಡಿತು. ಸೋಮನಾಥ ನಕಲು ಮಾಡತೊಡಗಿದ. ಪೆನ್ ಡ್ರೈವಿಗೆ ಒಂದು ಫೈಲು ಇಳಿದದ್ದೇ ತಡ, ಸದ್ದು ಪೂರ್ತಿ ನಿಂತಿತು.

ಉಳಿದದ್ದು ಕತೆಯಲ್ಲ, ಲಾಲಿಯೂ ಅಲ್ಲ. "ಹಲೋ... ರೇಖಾ, ಇದು ಆನ್ ಆಗಿದ್ಯಾ?" ಅಷ್ಟೇ.

"ನಾನೇ ಕೊಂದೆ" ಎಂದು ಅತ್ತವಳಿಗೆ ಭೀಮೇಶ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದ: 'ನೀನಲ್ಲ. ಅದು ಮೊದ್ಲೇ ಸಾಯ್ತಿತ್ತು.' ಅವಳು ನಂಬಲಿಲ್ಲ.

ಬೆಳಿಗ್ಗೆ ಅದನ್ನೇ ಮಗಳಿಗೆ ಕೇಳಿಸಿದರು. ಅಪ್ಪನ ತೊಡೆಯ ಮೇಲೆ ಕೂತಿದ್ದ ಸುಮೇಧಾ ಸರಕ್ಕನೆ ಇಳಿದು, ಯಾರು ಬಂದರೆಂದು ನೋಡಲು ಬಾಗಿಲಿಗೆ ಓಡಿದಳು.